ಓಟದ ಪಾದರಕ್ಷೆಯ ಪುನರಾಗಮನ

ಶೃಂಗೇರಿಯಿಂದ ನೈಋತ್ಯಾಭಿಮುಖವಾಗಿ, ತುಂಗಾನದಿಯ ಸನ್ನಿಧಿಯನ್ನು ಬಹುದೂರದವರೆಗೆ ಬಿಡದೆ, ಕೆರೆಕಟ್ಟೆಯ ಕಾಡಿನ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ನೆಮ್ಮಾರ್ ಎಂಬ ಗ್ರಾಮವಿದೆ. ಅಡಿಕೆಯ ತೋಟಗಳೂ ಗದ್ದೆಯ ಬಯಲುಗಳೂ ಗುಡ್ಡದ ನಿತ್ಯಹರಿದ್ವರ್ಣದ ಕಾನನವೂ ಒಂದನ್ನೊಂದು ಒತ್ತಿಕೊಂಡಿರುವ ಈ ಸೀಮೆಯನ್ನು ದಾಟಿದ ಮಾರ್ಗವು, 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಅರಣ್ಯವನ್ನು ಹಾದು, ಮಾಳದ ಘಟ್ಟವನ್ನಿಳಿದು, ಬಜಗೋಳಿಯ ಮೂಲಕ ಕಾರ್ಕಳವನ್ನು ಸೇರುತ್ತದೆ. ಈ ದಾರಿಯಲ್ಲಿ ಇಂದು ಸಂಚರಿಸುವ ತರುಣ ತರುಣಿಯರ, ಅವರಲ್ಲೂ ಬೆಂಗಳೂರಿನ ಉದ್ಯೋಗದಿಂದ ಹಬ್ಬಕ್ಕೆಂದು ಊರಿಗೆ ಮರಳುವ ಇದೇ ನಾಡಿನ ಮಕ್ಕಳ ಪಾದಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಅವರು ಮೆಟ್ಟಿರುವುದು ಹೊಸತಾಗಿ ಕೊಂಡ, ಆದರೆ ರೂಪದಲ್ಲಿ ಹಳೆಯದಾದ ಪಾದರಕ್ಷೆ: ತೆಳ್ಳನೆಯ ನೈಲಾನಿನ ಮೈ, ಮುಂಬದಿಗೂ ಹಿಮ್ಮಡಿಗೂ ಹೊಲಿದ ಮೃದು ಚರ್ಮದ ತೇಪೆ, ಮರದ ಅಂಟಿನ ಬಣ್ಣದ ರಬ್ಬರಿನ ತಳ. ಐವತ್ತು ವರ್ಷಗಳ ಹಿಂದೆ ಓಟಗಾರರು ಪಂದ್ಯಗಳಲ್ಲಿ ತೊಟ್ಟು ಓಡಿದ ಜೋಡಿನ ಪಡಿಯಚ್ಚು ಅದು. ಇಂದು ಅದನ್ನು ಕೊಂಡವರಲ್ಲಿ ಬಹುಮಂದಿ ಅದನ್ನು ತೊಟ್ಟು ಓಡುವುದಿಲ್ಲ. ಓಡಬೇಕೆಂಬ ಉದ್ದೇಶವೂ ಅವರಿಗಿಲ್ಲ. ಅದು ಅವರಿಗೆ ಅಲಂಕಾರ.

ಇದನ್ನು ಕೇವಲ ಯುವಜನರ ಶೋಕಿಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ದುಡಿಮೆಗೆಂದು ಹುಟ್ಟಿದ ಒಂದು ವಸ್ತು ತನ್ನ ದುಡಿಮೆ ಮುಗಿದ ಮೇಲೆ ಸೌಂದರ್ಯದ ನಿಮಿತ್ತವಾಗಿ ಮರಳಿ ಬರುವುದು ನಾಗರಿಕತೆಯ ಗಂಭೀರವಾದ ವ್ಯಾಪಾರಗಳಲ್ಲಿ ಒಂದು. ಆದರೆ ನಮ್ಮ ನಾಡಿನಲ್ಲಿ ಪಾದರಕ್ಷೆಯ ಇತಿಹಾಸವೆಂಬುದು ಬೆಡಗಿನ ಇತಿಹಾಸವಾಗುವುದಕ್ಕೆ ಎಷ್ಟೋ ಮೊದಲು, ಅದನ್ನು ಮೆಟ್ಟಲು ಯಾರಿಗೆ ಅನುಮತಿಯಿತ್ತು, ಅದನ್ನು ಯಾರ ಕೈಗಳು ಹೊಲಿದವು ಎಂಬ ಎರಡು ಪ್ರಶ್ನೆಗಳ ಇತಿಹಾಸವಾಗಿತ್ತು. ಹಳೆಯ ಪಾದರಕ್ಷೆ ಮರಳಿ ಬರುವಾಗ ಈ ಎರಡು ನೆನಪುಗಳೂ ಅದರೊಡನೆ ಬರಬೇಕೆಂಬುದೇ ನಾನಿಲ್ಲಿ ಹೇಳಹೊರಟ ಮಾತು.

ಮಲೆನಾಡಿನ ಪೂರ್ವಿಕರು ಪ್ರಾಯಶಃ ಬರಿಗಾಲಿನ ಜನ. ಜ್ಯೇಷ್ಠದಿಂದ ಭಾದ್ರಪದದವರೆಗೆ ಬಾನು ಬಿಡುವು ಕೊಡದ ಈ ಪ್ರಾಂತದಲ್ಲಿ ತೊಗಲಿನ ಜೋಡು ಒಂದು ಮಳೆಗಾಲವನ್ನು ಬದುಕಿ ದಾಟುವುದು ಕಷ್ಟ. ನೆನೆದ ತೊಗಲು ಉಬ್ಬಿ, ಬೂಸಲು ಹಿಡಿದು, ಹೊಲಿಗೆ ಬಿಟ್ಟು ಹೋಗುತ್ತದೆ. ಕೆಸರಿನ ಗದ್ದೆಯಂಚಿನಲ್ಲಿಯೂ ಹಾವಸೆ ಕಟ್ಟಿದ ಕಲ್ಲಿನ ಮೆಟ್ಟಿಲುಗಳ ಮೇಲೂ ಬರಿಯ ಬೆರಳುಗಳ ಹಿಡಿತವೇ ನಂಬುಗೆಗೆ ಅರ್ಹವಾದದ್ದು. ಉಂಬಳದ ಕಾಟಕ್ಕೆ ಸುಣ್ಣವೋ ಹೊಗೆಸೊಪ್ಪಿನ ರಸವೋ ಲೇಪನವಾಗುತ್ತಿತ್ತೇ ಹೊರತು ಕಾಲುಮುಚ್ಚುವ ಉಪಾಯವಿರಲಿಲ್ಲ. ಬೇಸಗೆಯ ಉರಿನೆಲಕ್ಕೆ ಅಡಿಕೆಯ ಹಾಳೆಯನ್ನು ಕತ್ತರಿಸಿ ಬಳ್ಳಿಯಿಂದ ಕಟ್ಟಿ ಮೆಟ್ಟಿಕೊಂಡದ್ದೂ ಉಂಟು. ಆದರೆ ಅದು ಒಂದೆರಡು ದಿನಗಳ ಆಯುಸ್ಸಿನ ಸಾಧನ. ಘಟ್ಟದ ಕೆಳಗಿನಿಂದ ಸೇರೆಗಾರರು ಕರೆತಂದ ಆಳುಗಳು, ಉಪ್ಪನ್ನೂ ಒಣಮೀನನ್ನೂ ಹೊರಿಸಿದ ಎತ್ತುಗಳ ಹಿಂದೆ ನಡೆದ ಹೇರಾಳುಗಳು, ಕೊಯ್ಲಿನ ಕಾಲಕ್ಕೆ ತೋಟದಿಂದ ತೋಟಕ್ಕೆ ತಿರುಗಿದ ಕೊನೆಗಾರರು, ಇವರೆಲ್ಲರೂ ಈ ಪರ್ವತಗಳನ್ನು ಅಳೆದದ್ದು ತಮ್ಮ ಹಿಮ್ಮಡಿಯ ಬಿರುಕುಗಳಿಂದಲೇ.

ಪಾದಕ್ಕೆ ಪೂಜೆ ಸಲ್ಲುವ ನಾಡೂ ಇದೇ. ನೆಮ್ಮಾರಿಗೆ ಅಷ್ಟೇನೂ ದೂರವಲ್ಲದ ಶೃಂಗೇರಿಯ ಪೀಠದ ಪರಂಪರೆಯಲ್ಲಿ ಗುರುಪಾದುಕೆಯು ಗುರುವಿನ ಸಾನ್ನಿಧ್ಯದ ಪ್ರತೀಕವಾಗಿ ಅರ್ಚನೆಗೊಳ್ಳುತ್ತದೆ; ಮರದ ಹಾವುಗೆಗಳು ಯತಿಗಳ ಪಾದಗಳಲ್ಲಿ ಮಾತ್ರವಲ್ಲದೆ ಸ್ನಾನದ ಮನೆಯಿಂದ ದೇವರ ಕೋಣೆಗೆ ನಡೆವ ಗೃಹಸ್ಥರ ಪಾದಗಳಲ್ಲಿಯೂ ಒಂದು ಕಾಲಕ್ಕೆ ಸದ್ದು ಮಾಡುತ್ತಿದ್ದವು. ಮರದ ಪಾದುಕೆ ಶುಚಿ, ತೊಗಲಿನ ಮೆಟ್ಟು ಅಶುಚಿ ಎಂಬ ಭೇದವು ವಸ್ತುಗಳ ನಡುವೆ ನಿಲ್ಲದೆ ಅವನ್ನು ಮಾಡಿದವರ ನಡುವೆಯೂ ಗೋಡೆಯಾಗಿ ಎದ್ದಿತೆಂಬುದು ನಮ್ಮ ಸಮಾಜದ ದುಃಖಕರವಾದ ಸತ್ಯ. ತೊಗಲನ್ನು ಹದಮಾಡಿ ಹೊಲಿದ ಸಮಗಾರನು ಊರಿನ ಹೊರಗೆ ಉಳಿದನು. ದುಡಿಯುವ ಜಾತಿಗಳವರು ಒಡೆಯನ ಮನೆಯ ಮುಂದೆ ಹಾಯುವಾಗ ಕಾಲಿನಲ್ಲಿ ಮೆಟ್ಟಿದ್ದರೆ ಅದನ್ನು ಕಳಚಿ ಕೈಯಲ್ಲಿ ಹಿಡಿಯಬೇಕಾಗಿತ್ತು. ಈ ನಿಯಮಗಳು ಯಾವ ಶಾಸನದ ಕಲ್ಲಿನಲ್ಲಿಯೂ ಕೆತ್ತಲ್ಪಡದೆಯೇ ಶತಮಾನಗಳ ಕಾಲ ಶಾಸನಕ್ಕಿಂತ ದೃಢವಾಗಿ ನಡೆದುಬಂದವು. ಪರಕೀಯ ಪ್ರಭುತ್ವವೂ ಪಾದರಕ್ಷೆಯನ್ನು ಅಂತಸ್ತಿನ ಗುರುತಾಗಿಯೇ ಕಂಡಿತು: ಅಧಿಕಾರಿಗಳ ಸಮ್ಮುಖದಲ್ಲಿ ದೇಶೀಯ ಜೋಡನ್ನು ಬಾಗಿಲಾಚೆ ಕಳಚಬೇಕೆಂಬ ಕಟ್ಟಳೆಯಿದ್ದ ಕಾಲದಲ್ಲಿ, ಐರೋಪ್ಯ ರೀತಿಯ ಬೂಟು ತೊಟ್ಟ ಭಾರತೀಯರು ಅದರೊಡನೆಯೇ ಒಳಗೆ ಬರಬಹುದೆಂದು ಕಲ್ಕತ್ತೆಯ ಸರ್ಕಾರವು 1854ರಲ್ಲಿ ನಿರ್ಣಯಿಸಿತು. ಒಬ್ಬನೇ ಮನುಷ್ಯನ ಗೌರವವು ಅವನ ಕಾಲಿನ ಹೊಲಿಗೆಯ ರೀತಿಯನ್ನನುಸರಿಸಿ ಹೆಚ್ಚು ಕಡಿಮೆಯಾಗುವ ಈ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಅಗ್ಗದ ರಬ್ಬರಿನ ಜೋಡೊಂದು ಹಳ್ಳಿಹಳ್ಳಿಗೆ ಬಂದಾಗ ಅದು ತಂದ ಬದಲಾವಣೆಯ ಪ್ರಮಾಣ ತಿಳಿಯುತ್ತದೆ.

ಆ ಜೋಡಿನ ಮೂಲ ಅಮೆರಿಕೆಯಲ್ಲಿದೆ. ಚಳಿಗೆ ಬಿರಿದು ಬೇಸಗೆಗೆ ಕರಗುತ್ತಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಎರಡು ದೋಷಗಳಿಂದಲೂ ಮುಕ್ತವಾಗುವುದೆಂಬುದನ್ನು ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಕೊಂಡು 1844ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಹತ್ತಿಯ ದಪ್ಪ ಬಟ್ಟೆಯನ್ನು ರಬ್ಬರಿನ ತಳಕ್ಕೆ ಅಂಟಿಸಿ, ಒಲೆಯ ಕಾವಿನಲ್ಲಿ ಎರಡನ್ನೂ ಬೆಸೆಯುವ ವಿಧಾನ ಆ ಶೋಧದ ಸಂತಾನ. ಟೆನಿಸ್ ಅಂಗಳಕ್ಕೂ ವ್ಯಾಯಾಮಶಾಲೆಗೂ ಓಟದ ಬಯಲಿಗೂ ಒದಗಿದ ಮೊದಲ ಹಗುರವಾದ ಪಾದರಕ್ಷೆ ಹೀಗೆ ಹುಟ್ಟಿತು. ಇದರಲ್ಲಿ ಚರ್ಮವಿಲ್ಲವೆಂಬ ಅಂಶವು ಪಾಶ್ಚಾತ್ಯರಿಗೆ ಕೇವಲ ಬೆಲೆಯ ವಿಷಯ. ನಮ್ಮಲ್ಲಿಯಾದರೋ ಅದು ಶೌಚಾಶೌಚಗಳ ಹಳೆಯ ವಿವಾದವನ್ನೇ ಬದಿಗಿರಿಸಿತು.

ಮೊರಾವಿಯದ ಜ್ಲೀನ್ ಪಟ್ಟಣದಲ್ಲಿ 1894ರಲ್ಲಿ ಸ್ಥಾಪಿತವಾದ ಬಾಟಾ ಸಂಸ್ಥೆಯು 1931ರಲ್ಲಿ ಭಾರತವನ್ನು ಪ್ರವೇಶಿಸಿ, ಕಲ್ಕತ್ತೆಯ ಸಮೀಪದ ಕೊನ್ನಗರದಲ್ಲಿ ಕೆಲಸವಾರಂಭಿಸಿ, 1934ರಿಂದ ಹೂಗ್ಲಿಯ ದಂಡೆಯ ಮೇಲೆ ಬಾಟಾನಗರವೆಂಬ ಕಾರ್ಖಾನೆಯ ಊರನ್ನೇ ಕಟ್ಟತೊಡಗಿತು. ಈ ದೇಶದ ಶಾಲಾಬಾಲಕರ ಅಂಗಸಾಧನೆಯ ತರಗತಿಗಳಿಗೆಂದು ಆ ಸಂಸ್ಥೆ ರೂಪಿಸಿದ ಕ್ಯಾನ್ವಾಸಿನ ಟೆನಿಸ್ ಜೋಡಿನ ಜನ್ಮವರ್ಷ 1936. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದೂ ಅದೇ ವರ್ಷ; ಮೈಸೂರಿನಲ್ಲಿ ಓದಿದ ತರುಣರು ಮಲೆನಾಡಿನ ಮನೆಗೆ ಮರಳುವುದರೊಂದಿಗೆ ತೊಡಗುವ ಆ ಕೃತಿಯ ಲೋಕಕ್ಕೆ ಹೊಸ ವಿದ್ಯೆಯ ಹಿಂದೆಯೇ ಹೊಸ ಪಾದರಕ್ಷೆಯೂ ಪ್ರವೇಶಿಸುತ್ತಿತ್ತೆಂಬುದನ್ನು ನೆನೆದರೆ, ಕಾರ್ಖಾನೆಯ ಇತಿಹಾಸವೂ ಸಾಹಿತ್ಯದ ಇತಿಹಾಸವೂ ಒಂದೇ ಕಾಲದ ಎರಡು ಮುಖಗಳೆಂದು ತೋರುತ್ತದೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಬಿಳಿಯ ಜೋಡು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಪ್ರೌಢಶಾಲೆಗಳ ಅಂಗಳಗಳಿಗೆ ಬಂದು ನೆಲೆಸಿತು. ಅದನ್ನು ಕೊಳ್ಳಲು ಶಕ್ತಿಯುಳ್ಳ ಮನೆಯ ಮಕ್ಕಳು ಶನಿವಾರದ ಬೆಳಗಿನ ಕವಾಯತಿಗೆಂದು ಶುಕ್ರವಾರ ಸಂಜೆಯೇ ಅದನ್ನು ತೊಳೆದು, ಬಿಳಿಯ ಪಾಲಿಶ್ ಸಿಕ್ಕಿದರೆ ಅದನ್ನೂ ಸಿಕ್ಕದಿದ್ದರೆ ಅರೆದ ಸೀಮೆಸುಣ್ಣವನ್ನೂ ಬಳಿದು, ಒಲೆಯ ಪಕ್ಕದಲ್ಲಿ ಒಣಗಲಿಡುತ್ತಿದ್ದರು. ಆಗಸ್ಟ್ 15ರ ಪಥಸಂಚಲನವು ಮಲೆನಾಡಿನಲ್ಲಿ ಆಶ್ಲೇಷ, ಮಘೆಗಳ ಮಳೆಯ ನಡುವೆ ಬರುವುದರಿಂದ, ಧ್ವಜವಂದನೆ ಮುಗಿಯುವಷ್ಟರಲ್ಲಿ ಆ ಶ್ವೇತವರ್ಣವೆಲ್ಲ ಕರಗಿ ಕೆಂಪುಮಣ್ಣಿನೊಡನೆ ಬೆರೆಯುತ್ತಿತ್ತು. ಕೊಳ್ಳಲಾಗದ ಮನೆಯ ಮಕ್ಕಳು ಅದೇ ಸಾಲಿನಲ್ಲಿ ಬರಿಗಾಲಿನಲ್ಲಿ ನಿಂತರು. ಓಟದ ಪಂದ್ಯ ಬಂದಾಗ, ಜೋಡಿದ್ದವರಲ್ಲಿಯೂ ಅನೇಕರು ಅದನ್ನು ಕಳಚಿ ಬದಿಗಿಟ್ಟೇ ಓಡುತ್ತಿದ್ದರು, ಏಕೆಂದರೆ ನೆನೆದ ಕ್ಯಾನ್ವಾಸು ಭಾರ, ಅದರ ಚಪ್ಪಟೆಯ ತಳ ಒದ್ದೆ ಹುಲ್ಲಿನ ಮೇಲೆ ಜಾರುವಂಥದು. ಆದರೂ ಒಂದು ಸತ್ಯವನ್ನು ಇಲ್ಲಿ ಒತ್ತಿ ಹೇಳಬೇಕು: ಯಾವ ಜಾತಿಯ ಬಾಲಕನೇ ಆಗಲಿ, ಶಾಲೆಯ ಸಮವಸ್ತ್ರದ ಭಾಗವಾಗಿ ಇದನ್ನು ತೊಟ್ಟು ಊರಿನ ನಡುಬೀದಿಯಲ್ಲಿ ನಡೆದುಹೋದಾಗ, ಕಳಚೆಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಪಾದರಕ್ಷೆಯ ವಿಷಯದಲ್ಲಿ ಶಾಲೆ ಮಾಡಿದ ಈ ನಿಶ್ಶಬ್ದವಾದ ಉಪಕಾರವನ್ನು ನಮ್ಮ ಸಾಮಾಜಿಕ ಚರಿತ್ರೆಗಳು ಇನ್ನೂ ಸಾಕಷ್ಟು ಗುರುತಿಸಿಲ್ಲ.

ಕಾಲಾಂತರದಲ್ಲಿ ತೋಟದ ಕೆಲಸಕ್ಕೆ ಮೊಣಕಾಲುದ್ದದ ಗಂಬೂಟುಗಳೂ ನಿತ್ಯದ ನಡೆಗೆ ಹವಾಯಿ ಚಪ್ಪಲಿಗಳೂ ಬಂದವು. 1990ರ ದಶಕದ ಆರ್ಥಿಕ ಉದಾರೀಕರಣದ ತರುವಾಯ ವಿದೇಶದ ಕ್ರೀಡಾಸಂಸ್ಥೆಗಳ ಜೋಡುಗಳು ಪೇಟೆಗಳನ್ನು ತುಂಬಿದವು. ಕ್ಯಾನ್ವಾಸಿನದು ಬಡವರ ಮಕ್ಕಳ ವಸ್ತುವೆಂಬ ತಾತ್ಸಾರಕ್ಕೆ ಗುರಿಯಾಯಿತು.

ಈ ಮಧ್ಯೆ ಹೊರಗಿನ ಜಗತ್ತಿನಲ್ಲಿ ಓಟದ ಪಾದರಕ್ಷೆ ಒಂದು ಸ್ವತಂತ್ರವಾದ ವಿದ್ಯೆಯೇ ಆಗಿ ಬೆಳೆದಿತ್ತು. ಎರಡನೆಯ ಮಹಾಯುದ್ಧದ ಭಗ್ನಾವಶೇಷಗಳ ನಡುವೆ, ದಿಕ್ಕೆಟ್ಟ ಯುವಕರನ್ನು ಕ್ರೀಡೆಯ ಮೂಲಕ ಮತ್ತೆ ನೆಟ್ಟಗೆ ನಿಲ್ಲಿಸಬೇಕೆಂಬ ಹಂಬಲದಿಂದ ಕಿಹಾಚಿರೊ ಒನಿಟ್ಸುಕ ಎಂಬಾತನು 1949ರಲ್ಲಿ ಜಪಾನಿನ ಕೋಬೆ ನಗರದಲ್ಲಿ ತನ್ನ ಉದ್ಯಮವನ್ನು ಆರಂಭಿಸಿದನು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟವನ್ನು ಬರಿಗಾಲಿನಲ್ಲಿ ಓಡಿ ಗೆದ್ದು ಲೋಕವನ್ನು ಬೆರಗುಗೊಳಿಸಿದ ಮರುವರ್ಷ, ಜಪಾನಿಗೆ ಓಡಲು ಬಂದ ಅವನನ್ನು ಸಂಧಿಸಿ, ಅಲ್ಲಿನ ಬೀದಿಗಳ ಗಾಜಿನ ಚೂರುಗಳಿಂದ ಪಾದವನ್ನು ಕಾಪಾಡಿಕೊಳ್ಳಬೇಕೆಂದು ಒಲಿಸಿ ತನ್ನ ಜೋಡನ್ನು ತೊಡಿಸಿದವನು ಇವನೇ. ಇವನ ಜೋಡುಗಳನ್ನು 1964ರಿಂದ ಅಮೆರಿಕಕ್ಕೆ ತರಿಸಿ ಮಾರುತ್ತಿದ್ದವರು ಓರೆಗಾನ್ ವಿಶ್ವವಿದ್ಯಾಲಯದ ಓಟದ ಗುರು ಬಿಲ್ ಬವರ್‌ಮನ್ ಮತ್ತು ಅವನ ಶಿಷ್ಯ ಫಿಲ್ ನೈಟ್. ಮುಂದೆ ಅವರು ಬೇರೆಯಾಗಿ ಕಟ್ಟಿದ ಸಂಸ್ಥೆ ನೈಕಿ. ಬವರ್‌ಮನ್ 1971ರಲ್ಲಿ ತನ್ನ ಮನೆಯ ದೋಸೆಕಾವಲಿಯಂಥ ಉಪಕರಣವೊಂದಕ್ಕೆ ರಬ್ಬರಿನ ದ್ರವವನ್ನು ಸುರಿದು, ನೆಲವನ್ನು ಹಿಡಿಯುವ ಚೌಕಳಿಯ ತಳವನ್ನು ಮೂಡಿಸಲೆತ್ನಿಸಿದ ಕತೆ ಪ್ರಸಿದ್ಧವಾದದ್ದು. 1970ರ ದಶಕದ ನಡುವಿನಲ್ಲಿ ಗಾಳಿಗುಳ್ಳೆಗಳನ್ನು ಒಳಗೊಂಡ ಇವಿಎ ಎಂಬ ಹಗುರವಾದ ನೊರೆಪದಾರ್ಥ ಹಿಮ್ಮಡಿಯ ಕೆಳಗೆ ಸೇರಿತು. ವೈದ್ಯರ ಸಲಹೆಯಿಂದಲೂ ಕಾಲದ ಉತ್ಸಾಹದಿಂದಲೂ ಅಮೆರಿಕದ ಸಾಮಾನ್ಯ ಗೃಹಸ್ಥರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೆಳಗಿನ ಓಟಕ್ಕೆ ತೊಡಗಿದರು. ಬೋಸ್ಟನ್ನಿನ ನ್ಯೂ ಬ್ಯಾಲೆನ್ಸ್ ಸಂಸ್ಥೆ 1982ರಲ್ಲಿ ಹೊರತಂದ 990 ಎಂಬ ಜೋಡಿಗೆ 100 ಡಾಲರ್ ಬೆಲೆಯಿಟ್ಟದ್ದು ಆ ಕಾಲಕ್ಕೆ ಒಂದು ಸಾಹಸವೇ ಆಗಿತ್ತು. ಈ ಇಪ್ಪತ್ತು ವರ್ಷಗಳ ಅವಧಿಯಲ್ಲಿ ನಿರ್ಮಿತವಾದ ಆಕೃತಿಗಳೇ ಇಂದು ಮರಳಿ ಬಂದಿರುವುದು.

ಮರಳಿ ಬಂದುದೇಕೆ? ಸ್ಪರ್ಧೆಯ ಜೋಡು ಇಂದು ಸಾಮಾನ್ಯ ಮನುಷ್ಯನ ಕಾಲಿನಿಂದ ಬಹುದೂರ ಹೋಗಿಬಿಟ್ಟಿದೆ. ದಪ್ಪವಾದ ನೊರೆಯ ನಡುವೆ ಕಾರ್ಬನ್ನಿನ ಬಾಗಿದ ತಗಡನ್ನಿಟ್ಟ ಜೋಡನ್ನು ತೊಟ್ಟು ಕೀನ್ಯದ ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಮ್ಯಾರಥಾನಿನ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಕ್ರಮಿಸಿದನು. ಅಂಥ ಜೋಡು ಕೆಲವೇ ನೂರು ಕಿಲೋಮೀಟರುಗಳಲ್ಲಿ ತನ್ನ ಸತ್ವವನ್ನು ಕಳೆದುಕೊಳ್ಳುವ, ಮನೆಯಿಂದ ಅಂಗಡಿಗೆ ನಡೆಯಲು ಸಲ್ಲದ ಯಂತ್ರ. ಓಟದ ಕರ್ತವ್ಯವನ್ನು ಹೀಗೆ ಹೊಸ ಯಂತ್ರಗಳು ವಹಿಸಿಕೊಂಡ ಒಡನೆಯೇ ಹಳೆಯ ಜೋಡು ಋಣಮುಕ್ತವಾಯಿತು. ಅದರ ತೆಳುವಾದ ತಳ, ಕಡಮೆ ಎತ್ತರದ ಹಿಮ್ಮಡಿ, ಕೈಹೊಲಿಗೆಯನ್ನು ನೆನಪಿಸುವ ಪಟ್ಟಿಗಳು, ಯಾವುದನ್ನು ಏಕೆ ಅಲ್ಲಿಟ್ಟಿದೆಯೆಂದು ನೋಡಿದ ಮಾತ್ರಕ್ಕೆ ತಿಳಿಯುವ ಅದರ ಪ್ರಾಮಾಣಿಕವಾದ ರಚನೆ, ಇವೆಲ್ಲ ಓಟಕ್ಕೆ ಬೇಡವಾದರೂ ಕಣ್ಣಿಗೆ ಬೇಕಾದವು. 1977ರಲ್ಲಿ ಅಸಿಕ್ಸ್ ಎಂಬ ಸಂಸ್ಥೆಯೊಳಗೆ ಲೀನವಾಗಿದ್ದ ಒನಿಟ್ಸುಕನ ಹಳೆಯ ಹುಲಿಮುದ್ರೆ 2002ರಲ್ಲಿ ಬೆಡಗಿನ ಪಾದರಕ್ಷೆಯ ಹೆಸರಾಗಿ ಮತ್ತೆ ಬಂದಿತು. 1966ರಷ್ಟು ಹಿಂದೆ ರೂಪಗೊಂಡಿದ್ದ ಅದರ ಪಟ್ಟೆಗಳು ಇಂದು ಬೆಂಗಳೂರಿನ ಮಳಿಗೆಗಳಲ್ಲಿಯೂ ಬಿಕರಿಯಾಗುತ್ತಿವೆ.

ಪುನರಾಗಮನವು ಎಚ್ಚರದಿಂದ ನಡೆಯಬೇಕಾದ ಕಾರ್ಯವೆಂಬುದಕ್ಕೆ ಒಂದು ನಿದರ್ಶನವುಂಟು. ಜರ್ಮನಿಯ ಅಡಿಡಾಸ್ ಸಂಸ್ಥೆಯು 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಾಲಕ್ಕೆ ಹೊರತಂದಿದ್ದ ಎಸ್‌ಎಲ್ 72 ಎಂಬ ಓಟದ ಜೋಡನ್ನು 2024ರಲ್ಲಿ ಹೊಸ ಉತ್ಸಾಹದಿಂದ ಪ್ರಚಾರಮಾಡಹೊರಟಿತು. ಅದೇ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ತಂಡದ 11 ಮಂದಿ ಹತರಾಗಿದ್ದ ದುರಂತದ ಸ್ಮರಣೆಯನ್ನು ಆ ಪ್ರಚಾರವು ಲೆಕ್ಕಿಸಲಿಲ್ಲವೆಂಬ ಆಕ್ಷೇಪವೆದ್ದು, ಸಂಸ್ಥೆ ಕ್ಷಮೆ ಕೋರಿ ಜಾಹೀರಾತನ್ನು ಬದಲಿಸಬೇಕಾಯಿತು. ಹಳೆಯ ವರ್ಷವೊಂದನ್ನು ಹೆಸರಿನಲ್ಲಿ ಹೊತ್ತು ಬರುವ ವಸ್ತುವು ಆ ವರ್ಷದ ಸಮಸ್ತವನ್ನೂ ಹೊತ್ತೇ ಬರುತ್ತದೆ.

ಬಾಟಾ ಸಂಸ್ಥೆಯ 1936ರ ಕ್ಯಾನ್ವಾಸಿನ ಜೋಡಿಗೂ ಈಚಿನ ದಶಕದಲ್ಲಿ ಇದೇ ಭಾಗ್ಯ ಒದಗಿತು. ಹಳೆಯ ವಿನ್ಯಾಸವೆಂಬ ಹೆಮ್ಮೆಯೊಡನೆ ಅದು ಯೂರೋಪಿನ ನಗರಗಳ ಬೆಡಗಿನ ಅಂಗಡಿಗಳಲ್ಲಿ ಮರುಹುಟ್ಟು ಪಡೆಯಿತು. ಭಾರತದ ಶಾಲಾಮಕ್ಕಳಿಗೆಂದು ಮಾಡಿದ ವಸ್ತುವು ಲೋಕದ ಸೊಗಸುಗಾರರ ಪಾದವನ್ನು ಸೇರಿತೆಂಬುದು ನಮಗೆ ಸಂತೋಷದ ಸುದ್ದಿಯೇ. ಆದರೆ ಆ ಬಿಳಿ ಜೋಡಿನ ಚರಿತ್ರೆಯನ್ನು ಬರೆಯುವವರು, ಅದನ್ನು ತೊಡಲಾಗದೆ ಅದೇ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತಿದ್ದ ಮಕ್ಕಳನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆಯಾಗುತ್ತದೆ.

ಬರಿಗಾಲು ದೈನ್ಯವೊಂದರ ಚಿಹ್ನೆಯೆಂದು ಮಾತ್ರ ತಿಳಿಯುವುದೂ ತಪ್ಪು. ನೆಮ್ಮಾರಿನ ಹೆದ್ದಾರಿ ಘಟ್ಟವಿಳಿದು ಮುಟ್ಟುವ ತುಳುನಾಡಿನಲ್ಲಿ ಕಂಬಳದ ಓಟಗಾರರು ಇಂದಿಗೂ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಓಡುವುದು ಬರಿಗಾಲಿನಲ್ಲಿಯೇ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಕಡೆಯ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂಬ ವಾರ್ತೆ ದೇಶವನ್ನೆಲ್ಲ ಹಬ್ಬಿತು. ಕೆಲವೇ ದಿನಗಳಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ ಶೆಟ್ಟರ ವೇಗ ಅದನ್ನೂ ಮೀರಿತೆಂದು ಸುದ್ದಿಯಾಯಿತು. ರಾಷ್ಟ್ರದ ಕ್ರೀಡಾಧಿಕಾರಿಗಳು ಓಟದ ಕಣಕ್ಕೆ ಕರೆದಾಗ, ಕಂಬಳದ ಓಟ ಹಿಮ್ಮಡಿಯ ಬಲದ್ದು, ಕಣದ ಓಟ ಕಾಲ್ಬೆರಳುಗಳದ್ದು, ಎರಡೂ ಬೇರೆ ಬೇರೆಯೆಂದು ಶ್ರೀನಿವಾಸ ಗೌಡರು ಹೇಳಿದರು. ಪಾದರಕ್ಷೆಯ ಶಾಸ್ತ್ರಜ್ಞರು ಗ್ರಂಥಗಳಲ್ಲಿ ವಿಸ್ತರಿಸುವ ತತ್ತ್ವವನ್ನು ಅವರು ತಮ್ಮ ಶರೀರದಿಂದಲೇ ಅರಿತಿದ್ದರು.

ಇನ್ನು ಕರ್ನಾಟಕಕ್ಕೆ ತನ್ನದೇ ಎನ್ನಬಹುದಾದ ಪುನರಾಗಮನದ ಕಥೆಯೊಂದಿದೆ. ಅದನ್ನು ಹುಡುಕಿ ಮಲೆನಾಡಿನಿಂದ ಬಹುದೂರ, ಕೃಷ್ಣಾತೀರದ ಬಯಲುಸೀಮೆಗೆ ಹೋಗಬೇಕು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿಯೂ ಅವುಗಳ ಸುತ್ತಿನ ಹಳ್ಳಿಗಳಲ್ಲಿಯೂ ಸಮಗಾರ ಕುಟುಂಬಗಳು ತಲೆಮಾರುಗಳಿಂದ ಹೊಲಿಯುತ್ತ ಬಂದ ಚಪ್ಪಲಿಯನ್ನು ಲೋಕವು ಕೊಲ್ಲಾಪುರದ ಹೆಸರಿನಿಂದ ತಿಳಿದಿದೆ. ಈ ಕಸುಬಿನವರು ತಮ್ಮ ಪರಂಪರೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣದವರೆಗೆ ಒಯ್ಯುತ್ತಾರೆ. ಸಮಗಾರ ಹರಳಯ್ಯನು ದಾರಿಯಲ್ಲಿ ಬಸವಣ್ಣನವರಿಗೆ ಶರಣೆಂದಾಗ ಅವರು ಎರಡು ಬಾರಿ ಶರಣೆಂದು ಮರುನುಡಿದರೆಂದೂ, ಆ ಋಣಭಾರವನ್ನು ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಗಳ ಚರ್ಮವನ್ನೇ ತೆಗೆದು ಪಾದರಕ್ಷೆಗಳನ್ನು ಮಾಡಿ ಅರ್ಪಿಸಿದರೆಂದೂ, ಇವು ಕಾಲಿಗೆ ಮೆಟ್ಟುವಂಥವಲ್ಲವೆಂದು ಬಸವಣ್ಣನವರು ಶಿರಸ್ಸಿನ ಮೇಲಿಟ್ಟುಕೊಂಡರೆಂದೂ ಶರಣ ಸಂಪ್ರದಾಯ ಹೇಳುತ್ತದೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ವಿವಾಹ, ಅದಕ್ಕಾಗಿ ಎರಡೂ ಕಡೆಯ ತಂದೆಯರಿಗೆ ಬಿಜ್ಜಳನು ವಿಧಿಸಿದ ಎಳೆಹೂಟೆಯ ಘೋರಶಿಕ್ಷೆ, ತದನಂತರದ ಕಲ್ಯಾಣದ ಕ್ರಾಂತಿ, ಇವುಗಳನ್ನು ಅರಿಯದ ಕನ್ನಡಿಗರು ವಿರಳ. ಜಗತ್ತಿನ ಯಾವ ಪಾದರಕ್ಷೆಯ ಪರಂಪರೆಯಾದರೂ ತನ್ನ ಆದಿಯಲ್ಲಿ ಇಂಥದೊಂದು ಕಥೆಯನ್ನಿರಿಸಿಕೊಂಡಿದೆಯೆಂದು ನಾನು ಕೇಳಿಲ್ಲ.

ಕಸುಬಿನ ಕ್ರಮವೂ ಗೌರವಕ್ಕೆ ಪಾತ್ರವಾದದ್ದು. ತೊಗಲನ್ನು ರಾಸಾಯನಿಕಗಳಿಂದಲ್ಲದೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯದಿಂದ ಹದಮಾಡುವುದು ಇದರ ಮೂಲಧರ್ಮ. ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಕಷಾಯವನ್ನು ತುಂಬಿ, ಅದು ಮೈಯೊಳಗಿನಿಂದ ಮೆಲ್ಲನೆ ಇಳಿಯುವಂತೆ ಮಾಡುವ ಹಳೆಯ ವಿಧಾನಕ್ಕೆ ವಾರಗಳ ಕಾಲದ ತಾಳ್ಮೆ ಬೇಕು. ಘಟ್ಟದ ಮೂಡಣ ಸೆರಗಿನ ಎಲೆಯುದುರುವ ಕಾಡುಗಳಲ್ಲಿಯೂ ಬೆಳೆಯುವ ಅಳಲೆಯು ನಮ್ಮ ಗುಡ್ಡಗಾಡಿನವರಿಗೆ ಔಷಧವಾಗಿ ಪರಿಚಿತ; ಬಯಲುಸೀಮೆಯವನ ಪಾದಕ್ಕೂ ಅದೇ ಕಾಯಿ ಕಾವಲಾಯಿತು. ತಳಕ್ಕೆ ಎಮ್ಮೆಯ ದಪ್ಪ ತೊಗಲು, ಮೇಲಿನ ಪಟ್ಟಿಗೆ ತೆಳುವಾದದ್ದು. ಮೊಳೆಯನ್ನು ಬಳಸದೆ, ತೊಗಲಿನ ದಾರದಿಂದಲೇ ಪದರಗಳನ್ನು ಹೊಲಿಯುತ್ತಾರೆ. ಕತ್ತರಿಸುವುದೂ ತಳವನ್ನು ಕೂಡಿಸುವುದೂ ಗಂಡಸರ ಪಾಲು; ಪಟ್ಟಿಗಳ ಮೇಲಿನ ಸೂಕ್ಷ್ಮವಾದ ಜಡೆಯನ್ನು ಹೆಣೆಯುವುದು ಹೆಂಗಸರ ಕೈ. ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕರಿ ಎಂದು ಮೊದಲು ಅವುಗಳಿಗೆ ಹೆಸರಿದ್ದದ್ದು ಅವು ಹುಟ್ಟಿದ ಊರುಗಳನ್ನನುಸರಿಸಿ. ಹೊಲದಲ್ಲಿ ದುಡಿಯುವ ರೈತನಿಗೂ ಕುರಿಯ ಹಿಂದೆ ಮೈಲಿಗಟ್ಟಲೆ ನಡೆವ ಕುರುಬನಿಗೂ ಮಾಡಿದ ಗಟ್ಟಿಯಾದ ಜೋಡು ಇದು. ಅದರ ಕರಕರ ಸದ್ದನ್ನು ಕೇಳಿ ಹಾವುಹುಳುಗಳು ಸರಿಯುತ್ತವೆಂಬ ನಂಬುಗೆಯಿತ್ತು.

ಕೊಲ್ಲಾಪುರದ ಶಾಹು ಮಹಾರಾಜರು ಈ ಉದ್ಯಮಕ್ಕೆ ಆಶ್ರಯವಿತ್ತರು. 1894ರಿಂದ 1922ರವರೆಗೆ ಆಳಿದ ಆ ದೊರೆ ಅಸ್ಪೃಶ್ಯರ ವಿದ್ಯೆ ಉದ್ಯೋಗಗಳಿಗಾಗಿ ಮಾಡಿದ ಸಾಹಸಗಳ ಹಿನ್ನೆಲೆಯಲ್ಲಿಯೇ ಇದನ್ನೂ ಕಾಣಬೇಕು. ದುಡಿಮೆಯ ಈ ಜೋಡು ಅಲಂಕಾರವಾದದ್ದು ಮೊದಲ ಸಲವೇನೂ ಈಗಲ್ಲ. 1970ರ ದಶಕದಲ್ಲಿ ಭಾರತಕ್ಕೆ ಬಂದು ಹೋದ ಪಾಶ್ಚಾತ್ಯ ಹಿಪ್ಪಿ ತರುಣರು ಹೆಬ್ಬೆರಳಿನ ಉಂಗುರವುಳ್ಳ ಈ ಚಪ್ಪಲಿಯನ್ನು ತಮ್ಮ ದೇಶಗಳಿಗೊಯ್ದು ಪ್ರಚುರಪಡಿಸಿದರು, ರಫ್ತು ಬೆಳೆಯಿತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಖಾದಿಯ ಜುಬ್ಬದೊಡನೆ ಇದನ್ನು ತೊಟ್ಟರು. ತರುವಾಯ ಪ್ಲಾಸ್ಟಿಕ್ಕಿನ ಅಗ್ಗದ ಅನುಕರಣಗಳು ಪೇಟೆಯನ್ನಾಕ್ರಮಿಸಿ ಅಥಣಿಯ ಮನೆಗಳಲ್ಲಿ ಕೆಲಸ ಕ್ಷೀಣಿಸಿತು. ಮಧ್ಯವರ್ತಿಗಳ ಸಾಲದಲ್ಲಿ ಸಿಕ್ಕಿದ ಈ ಕುಟುಂಬಗಳಿಗೆ ನೆರವಾಗಲು ಯತ್ನಗಳು ನಡೆಯದೆ ಇರಲಿಲ್ಲ: ರಾಜ್ಯದ ಚರ್ಮೋದ್ಯಮ ನಿಗಮವಾದ ಲಿಡ್ಕರ್ 1976ರಲ್ಲಿಯೇ ಸ್ಥಾಪಿತವಾಗಿತ್ತು, ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮಧುರಾ ಛತ್ರಪತಿಯವರ ಮುಂದಾಳುತನದಲ್ಲಿ ಅಥಣಿಯ ಸ್ತ್ರೀಯರ ಸ್ವಸಹಾಯ ಸಂಘಗಳನ್ನು ಕಟ್ಟಿ, ಟೋಹೋಲ್ಡ್ ಎಂಬ ಹೆಸರಿನಿಂದ ಹೊಸ ಮಾದರಿಗಳನ್ನು ವಿದೇಶಗಳಿಗೆ ಕಳುಹಿಸುವ ಪ್ರಯತ್ನವೂ ಮೊದಲಾಯಿತು. ಜಡೆ ಹೆಣೆದ ಹೆಂಗಸಿಗೆ ಗಂಡನ ಕೂಲಿಯಲ್ಲಿ ಕರಗಿಹೋಗದ, ಅವಳದೇ ಎನ್ನಬಹುದಾದ ಹಣ ಕೈಗೆ ಬಂದದ್ದು ಈ ಪ್ರಯತ್ನದ ದೊಡ್ಡ ಫಲವೆಂದು ನಾನು ಎಣಿಸುತ್ತೇನೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಯಲ್ಲಿ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಆ ಹೆಸರಿನಲ್ಲಿ ಸಮಭಾಗಿಗಳಾದವು. ಗಡಿಯ ವಿವಾದ ಇನ್ನೂ ಆರದ ಸೀಮೆಯಲ್ಲಿ ಎರಡು ರಾಜ್ಯಗಳ ನಿಗಮಗಳು ಒಂದು ಚಪ್ಪಲಿಯ ಸಲುವಾಗಿ ಒಂದೇ ಅರ್ಜಿಗೆ ಕೈಹಾಕಿದವು.

ಆ ಬಳಿಕ ನಡೆದದ್ದು ಸರ್ವವಿದಿತ. 2025ರ ಜೂನ್ ತಿಂಗಳಲ್ಲಿ ಮಿಲಾನ್ ನಗರದಲ್ಲಿ ನಡೆದ ಪುರುಷರ ಉಡುಪಿನ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಹೆಬ್ಬೆರಳಿನ ಉಂಗುರವುಳ್ಳ, ಜಡೆಪಟ್ಟಿಯ ಈ ಚಪ್ಪಲಿಯನ್ನೇ ಹೋಲುವ ಜೋಡನ್ನು ಕೇವಲ ತೊಗಲಿನ ಚಪ್ಪಲಿಯೆಂಬ ವರ್ಣನೆಯೊಡನೆ ವೇದಿಕೆಗೆ ತಂದಿತು. ಅಥಣಿಯ ಹೆಸರಾಗಲಿ ಕೊಲ್ಲಾಪುರದ ಹೆಸರಾಗಲಿ ಅಲ್ಲಿರಲಿಲ್ಲ. ಭಾರತದಲ್ಲಿ ಎದ್ದ ಪ್ರತಿಭಟನೆಯ ತರುವಾಯ, ಭಾರತೀಯ ಕೈಕಸುಬಿನ ಪಾದರಕ್ಷೆಯೇ ತನಗೆ ಸ್ಫೂರ್ತಿಯೆಂದು ಆ ಸಂಸ್ಥೆ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲಿಯೇ 2,000 ಜೊತೆ ಚಪ್ಪಲಿಗಳನ್ನು ಮಾಡಿಸಿ ಸುಮಾರು 800 ಯೂರೋಗಳ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಹಣದಲ್ಲಿ ಅದು 80,000 ರೂಪಾಯಿಗಳನ್ನು ಮೀರುವ ಮೊತ್ತ. ಊರಿನ ಸಂತೆಯಲ್ಲಿ ಅದೇ ಕೈಗಳು ಹೊಲಿದ ಜೋಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ.

ಈ ಬೆಲೆಯ ಅಂತರವನ್ನು ಕಂಡು ಸಿಟ್ಟಾಗುವುದು ಸಹಜವಾದರೂ, ಅದಕ್ಕಿಂತ ಗಹನವಾದ ಪ್ರಶ್ನೆ ಹೆಸರಿನದು. ನೈಕಿಯ ತಳಕ್ಕೆ ಬವರ್‌ಮನ್ನನ ಹೆಸರುಂಟು, ಹುಲಿಮುದ್ರೆಗೆ ಒನಿಟ್ಸುಕನ ಹೆಸರುಂಟು. ಕಾಪಶಿಯ ಆಕೃತಿಯನ್ನು ಮೊದಲು ಕತ್ತರಿಸಿದ ಸಮಗಾರ ಯಾರು, ಆ ಜಡೆಯನ್ನು ಮೊದಲು ಹೆಣೆದ ಹೆಂಗಸು ಯಾರು ಎಂಬುದನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಬರೆಯುವ ಕೈಗಳು ಅವರ ಕೈಗಳನ್ನು ಮುಟ್ಟುತ್ತಿರಲಿಲ್ಲ. ಭೌಗೋಳಿಕ ಗುರುತು ನೆಲದ ಹೆಸರನ್ನು ಕಾಯುತ್ತದೆ, ಹೊಲಿದವರ ಹೆಸರನ್ನಲ್ಲ. ಮಿಲಾನಿನ ಪ್ರಕರಣ ನಡೆದ ವರ್ಷವೇ ಮಹಾರಾಷ್ಟ್ರದ ಲಿಡ್ಕಾಂ ನಿಗಮವು ಚಪ್ಪಲಿಗಳಿಗೆ ಕ್ಯೂಆರ್ ಸಂಕೇತವನ್ನು ಅಳವಡಿಸುವ ಕ್ರಮವನ್ನು ಪ್ರಕಟಿಸಿತು. ಕೊಂಡವನು ಅದರ ಮೇಲೆ ತನ್ನ ಫೋನನ್ನು ಹಿಡಿದರೆ ಆ ಜೋಡನ್ನು ಮಾಡಿದ ಕುಶಲಿಯ ಹೆಸರು, ಜಿಲ್ಲೆ, ಬಳಸಿದ ಸಾಮಗ್ರಿ, ಕಸುಬಿನ ವಿಧಾನ, ಎಲ್ಲವೂ ತೋರುತ್ತದೆ. ಅಥಣಿ ನಿಪ್ಪಾಣಿಗಳ ಒಂದೊಂದು ಜೋಡಿಗೂ ಇಂಥ ಸಂಕೇತ ಸಲ್ಲಬೇಕು. ತಳವನ್ನು ಹೊಲಿದ ಗಂಡನ ಹೆಸರಿನ ಪಕ್ಕದಲ್ಲಿ ಜಡೆಯನ್ನು ಹೆಣೆದ ಹೆಂಡತಿಯ ಹೆಸರೂ ಅದರಲ್ಲಿರಬೇಕು.